‘ಇಷ್ಟು ದಿನ ಏನೂ ಆಗಿಲ್ಲವಲ್ಲ!’

ಡೇಟಾಬೇಸಿನ ಫೈಲುಗಳನ್ನು ಎನ್‌ಎಫ್‌ಎಸ್ ಮೌಂಟಿನ ಮೇಲೆ, ಅಂದರೆ ನೆಟ್‌ವರ್ಕಿನ ಆಚೆ ತುದಿಯ ಸ್ಟೋರೇಜಿನಲ್ಲಿ, ಇಟ್ಟವರನ್ನು ‘ಇದು ಸುರಕ್ಷಿತವೇ?’ ಎಂದು ಕೇಳಿ ನೋಡಿ. ‘ಇಷ್ಟು ದಿನ ಏನೂ ಆಗಿಲ್ಲವಲ್ಲ’ ಎನ್ನುತ್ತಾರೆ. ಇದು ಉತ್ತರವೇ ಅಲ್ಲ. ತಪ್ಪು ಹೊತ್ತಿನಲ್ಲಿ ಇನ್ನೂ ಕರೆಂಟ್ ಹೋಗಿಲ್ಲ, ಸ್ವಿಚ್ ಕೈಕೊಟ್ಟಿಲ್ಲ ಎಂದಷ್ಟೇ ಅದರ ಅರ್ಥ.

ಡೇಟಾಬೇಸ್ ‘ಕಮಿಟ್ ಆಯಿತು’ ಎಂದರೆ ಅದು ಕೊಟ್ಟ ಮಾತು. ಹಣ ಜಮಾ ಆಯಿತು, ರೋಗಿಯ ರಕ್ತದ ಗುಂಪು ದಾಖಲಾಯಿತು, ಇನ್ನು ಮೆಷಿನ್ ಸತ್ತರೂ ಅದು ಉಳಿಯುತ್ತದೆ ಎಂಬ ಮಾತು. ಇದಕ್ಕೆಲ್ಲ ಆಧಾರ ಎಫ್‌ಸಿಂಕ್ ಎಂಬ ಒಂದು ಕರೆ: ‘ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸು, ಇಳಿದ ಮೇಲೆ ಹೇಳು.’ ಎನ್‌ಎಫ್‌ಎಸ್‌ನಲ್ಲಿ ಹಾಗೆ ಹೇಳಬೇಕಾದದ್ದು ಇನ್ನೊಂದು ಮೆಷಿನ್. ಅಲ್ಲಿ ಎಕ್ಸ್‌ಪೋರ್ಟ್ ಫೈಲಿನಲ್ಲಿ ಯಾರೋ ‘ಅಸಿಂಕ್’ ಎಂದು ಬರೆದಿದ್ದರೆ, ಡಿಸ್ಕಿಗೆ ಇಳಿಯುವ ಮೊದಲೇ ‘ಆಯಿತು’ ಎಂಬ ಉತ್ತರ ಬರುತ್ತದೆ. ಲಿನಕ್ಸಿನಲ್ಲಿ ಈಗ ಡೀಫಾಲ್ಟ್ ಇರುವುದು ‘ಸಿಂಕ್’. ಹಾಗಾಗಿ ‘ಅಸಿಂಕ್’ ಕಂಡರೆ, ವೇಗದ ಆಸೆಗೆ ಯಾರೋ ಕೈಯಾರೆ ಬರೆದದ್ದು ಎಂದೇ ತಿಳಿಯಿರಿ. ಬೆಂಚ್‌ಮಾರ್ಕಿನ ಅಂಕಿ ಚೆನ್ನಾಗಿಯೇ ಬಂದಿರುತ್ತದೆ!

ಇದಕ್ಕಿಂತ ನನಗೆ ಸಿಟ್ಟು ಬರುವುದು ‘ಸಾಫ್ಟ್’ ಮೌಂಟಿನ ಮೇಲೆ. ‘ಹಾರ್ಡ್’ ಮೌಂಟ್ ಇದ್ದಾಗ ಸ್ಟೋರೇಜ್ ಸಿಗದಿದ್ದರೆ ಡೇಟಾಬೇಸ್ ಕಾಯುತ್ತಾ ನಿಂತುಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಡಿಎಫ್ ಕಮಾಂಡ್ ಕೊಟ್ಟರೆ ಅದೂ ಅಲ್ಲಾಡುವುದಿಲ್ಲ. ಬೇಸತ್ತವರು ‘ಸಾಫ್ಟ್’ ಹಾಕುತ್ತಾರೆ. ಆಗ ಕೆಲವು ಪ್ರಯತ್ನಗಳ ನಂತರ ಕರ್ನಲ್ ಕೈಚೆಲ್ಲಿ ಎರರ್ ಕೊಡುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ನಿಂತ ಡೇಟಾಬೇಸ್ ಸುಳ್ಳು ಹೇಳುವುದಿಲ್ಲ; ಅರ್ಧ ಬರೆದು ಮುಂದೆ ಹೋದದ್ದು ಹೇಳುತ್ತದೆ. ಸದ್ದಿಲ್ಲದೆ ಡೇಟಾ ಕೆಡಬಹುದು ಎಂದು ಎನ್‌ಎಫ್‌ಎಸ್‌ನ ಮ್ಯಾನ್ ಪೇಜೇ ಎಚ್ಚರಿಸಿದೆ. 2018ರಲ್ಲಿ ಪೋಸ್ಟ್‌ಗ್ರೆಸ್ ತಂಡ ಕಂಡುಕೊಂಡ ವಿಷಯವಂತೂ ಗೊತ್ತಿರಲೇಬೇಕು: ಲಿನಕ್ಸಿನಲ್ಲಿ ಎಫ್‌ಸಿಂಕ್ ಒಮ್ಮೆ ಸೋತರೆ, ಮತ್ತೆ ಕರೆದಾಗ ‘ಆಯಿತು’ ಎನ್ನಬಹುದು, ಡೇಟಾ ಡಿಸ್ಕಿಗೆ ಹೋಗದಿದ್ದರೂ. ಆಮೇಲಿನ ಆವೃತ್ತಿಗಳಲ್ಲಿ ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು, ಲಾಗಿನಿಂದ ಚೇತರಿಸಿಕೊಳ್ಳುತ್ತದೆ.

‘ಸ್ಟೋರೇಜ್ ಹಂಚಿಕೊಂಡಿದೆ, ಒಂದು ಮೆಷಿನ್ ಬಿದ್ದರೆ ಇನ್ನೊಂದು ಏಳುತ್ತದೆ’ ಎಂಬುದು ಇನ್ನೊಂದು ಮಾರಾಟದ ಮಾತು. ಮೊದಲನೆಯದು ನಿಜವಾಗಿ ಬಿದ್ದಿದೆ ಎಂದು ಹೇಳುವವರು ಯಾರು? ಪೋಸ್ಟ್‌ಗ್ರೆಸ್ ಏಳುವಾಗ ಲಾಕ್ ಫೈಲಿನಲ್ಲಿರುವ ಪ್ರೋಸೆಸ್ ಸಂಖ್ಯೆ ಜೀವಂತವಾಗಿದೆಯೇ ಎಂದು ತನ್ನದೇ ಮೆಷಿನ್ನಿನಲ್ಲಿ ಹುಡುಕುತ್ತದೆ. ಪಕ್ಕದ ಮೆಷಿನ್ನಿನಲ್ಲಿ ಓಡುತ್ತಿರುವುದು ಅದಕ್ಕೆ ಕಾಣದು. ಫೈಲು ಹಳೆಯದೆಂದುಕೊಂಡು ಎದ್ದುಬಿಡುತ್ತದೆ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಬರೆಯತೊಡಗಿದರೆ ಏನಾದೀತೋ ಅದೇ ಆಗುತ್ತದೆ. ಕುಬರ್ನೆಟಿಸ್ ಬಂದ ಮೇಲೆ ಇದು ಇನ್ನೂ ಸುಲಭ. ಮೇಲಾಗಿ, ಸ್ಟೋರೇಜೇ ಹೋದರೆ ಎರಡೂ ಹೋದವು.

ಹಾಗಾದರೆ ಎನ್‌ಎಫ್‌ಎಸ್ ಮೇಲೆ ಇಡಲೇಬಾರದೇ? ಹಾಗೆ ಹೇಳುವವರ ಜೊತೆಗೂ ನನ್ನ ಜಗಳವಿದೆ. ಓರಾಕಲ್ ತನ್ನ 11ಜಿ ಆವೃತ್ತಿಯಲ್ಲೇ ಡೈರೆಕ್ಟ್ ಎನ್‌ಎಫ್‌ಎಸ್ ಎಂಬ ಸ್ವಂತ ಕ್ಲೈಂಟ್ ತಂದಿತು. ಪೋಸ್ಟ್‌ಗ್ರೆಸ್ ಕೈಪಿಡಿ ನಿಷೇಧಿಸುವುದಿಲ್ಲ. ಹಾರ್ಡ್ ಮೌಂಟ್ ಇರಲಿ, ಸಿಂಕ್ ಇರಲಿ ಎನ್ನುತ್ತದೆ. ಎಸ್‌ಕ್ಯೂಲೈಟ್ ಮಾತ್ರ ತನ್ನ ವಾಲ್ ವಿಧಾನ ನೆಟ್‌ವರ್ಕ್ ಫೈಲ್‌ಸಿಸ್ಟಮ್ ಮೇಲೆ ನಡೆಯದು ಎಂದು ಸ್ಪಷ್ಟವಾಗಿ ಬರೆದಿದೆ, ಏಕೆಂದರೆ ಅದಕ್ಕೆ ಒಂದೇ ಮೆಷಿನ್ನಿನ ಹಂಚಿಕೆಯ ಮೆಮೊರಿ ಬೇಕು. ಯಾರೂ ಮುಚ್ಚಿಟ್ಟಿಲ್ಲ. ಓದುವ ವ್ಯವಧಾನ ನಮಗಿಲ್ಲ, ಅಷ್ಟೆ.

ನಿಮ್ಮದು ಅಂಥ ಸೆಟಪ್ ಆಗಿದ್ದರೆ ಅದರದ್ದೇ ಒಂದು ಟೆಸ್ಟ್ ನಕಲು ಮಾಡಿಕೊಳ್ಳಿ. 1, 2, 3 ಎಂದು ಸಂಖ್ಯೆಗಳನ್ನು ಕಮಿಟ್ ಮಾಡುತ್ತಾ ಹೋಗಿ, ‘ಆಯಿತು’ ಎಂದು ಬಂದದ್ದನ್ನು ಬೇರೊಂದು ಮೆಷಿನ್ನಿನಲ್ಲಿ ಬರೆದಿಡಿ. ಮಧ್ಯದಲ್ಲಿ ಸ್ಟೋರೇಜ್ ಸರ್ವರಿನ ಪವರ್ ಕೇಬಲ್ ಕಿತ್ತುಹಾಕಿ. ಎಲ್ಲ ಮೇಲೆದ್ದ ನಂತರ ಎರಡೂ ಪಟ್ಟಿ ತಾಳೆ ನೋಡಿ. ಒಂದೇ ಒಂದು ಸಂಖ್ಯೆ ಕಾಣೆಯಾಗಿದ್ದರೂ ಆ ಪಟ್ಟಿಯನ್ನು ಪ್ರಿಂಟ್ ತೆಗೆದು, ‘ಏನೂ ಆಗಿಲ್ಲವಲ್ಲ’ ಎಂದವರ ಮೇಜಿನ ಮೇಲಿಡಿ.