ಪರದೆಯ ಮೇಲಿನ ಕನ್ನಡ ಯಾರ ಮಾತು?

ನನ್ನ ತಂಗಿಯ ಮಗಳು ಪುಣೆಯಲ್ಲಿ ವಿನ್ಯಾಸಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮನುಷ್ಯನಿಗೂ ಗಣಕಯಂತ್ರಕ್ಕೂ ನಡೆಯುವ ವ್ಯವಹಾರವನ್ನು ಅಭ್ಯಸಿಸುವುದು, ಪರದೆಯ ಮೇಲೆ ಏನು, ಎಲ್ಲಿ, ಹೇಗೆ ಕಾಣಬೇಕೆಂಬುದನ್ನು ನಿರ್ಣಯಿಸುವುದು ಆಕೆಯ ವಿಷಯ. ಕಳೆದ ದೀಪಾವಳಿಗೆ ಡೊಂಬಿವಲಿಯ ನಮ್ಮ ಮನೆಗೆ ಬಂದವಳು, ಹಿರಿಯರು ಎ.ಟಿ.ಎಂ. ಯಂತ್ರವನ್ನು ಬಳಸುವ ಬಗೆಯನ್ನು ಗಮನಿಸಿ ವರದಿ ಬರೆಯುವ ಕೆಲಸವನ್ನೂ ಜೊತೆಗೆ ತಂದಿದ್ದಳು. ಮೊದಲ ಪ್ರಯೋಗ ಅಜ್ಜಿಯಿಂದ, ಅಂದರೆ ನನ್ನ ತಾಯಿಯಿಂದ, ಆರಂಭವಾಯಿತು.

ನನ್ನ ತಾಯಿ ಧಾರವಾಡ ಬಿಟ್ಟು ನಲವತ್ತೈದು ವರ್ಷಗಳಾದವು. ಮರಾಠಿಯನ್ನು ತಡವರಿಸದೆ ಆಡುತ್ತಾರೆ. ಓದಬಲ್ಲುದು ಮಾತ್ರ ಕನ್ನಡವೊಂದನ್ನೇ. ಯಂತ್ರ ಮುಂದಿಡುವ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಯಾವುದೂ ಅವರ ಕಣ್ಣಿಗೆ ಅಕ್ಷರವಲ್ಲ. ಆದರೂ ಏಳೆಂಟು ವರ್ಷಗಳಿಂದ ಪಿಂಚಣಿಯ ಹಣವನ್ನು ತಾವೇ ತೆಗೆದು ತರುತ್ತಿದ್ದರು. ಹೇಗೆಂದು ಮೊಮ್ಮಗಳು ಕೇಳಿದಾಗ ಬಂದ ಉತ್ತರ: “ಬಲಗಡೆ ಕೆಳಗಿನಿಂದ ಎರಡನೇದು ಒತ್ತೂದು, ಆಮ್ಯಾಲೆ ಎಡಗಡೆ ಮ್ಯಾಲಿಂದು. ಓದೂದು ಯಾಕ ಬೇಕು?” ಅಕ್ಷರಗಳನ್ನು ಬಿಟ್ಟು ಸ್ಥಾನಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ದುರದೃಷ್ಟಕ್ಕೆ ಆ ವಾರವೇ ಬ್ಯಾಂಕು ಪರದೆಯ ಜೋಡಣೆಯನ್ನು ಬದಲಿಸಿತ್ತು. ಅಭ್ಯಾಸಬಲದಿಂದ ಒತ್ತಿದ ಗುಂಡಿ ಹಣದ ಬದಲು ಇನ್ನಾವುದೋ ಪುಟವನ್ನು ತೆರೆಯಿತು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ತಾಯಿ ಬರಿಗೈಯಲ್ಲಿ ಹೊರಬಂದು, “ನಂದ ತಪ್ಪು” ಎಂದರು.

ಈ “ನಂದ ತಪ್ಪು” ಎಂಬ ಮಾತನ್ನು ಒಪ್ಪದಿರುವುದರಿಂದಲೇ ಆ ಶಾಸ್ತ್ರ ಆರಂಭವಾಗುತ್ತದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾದಾಗ, ಫಲಕದ ದೀಪವನ್ನು ನೋಡಿ ಕವಾಟ ಮುಚ್ಚಿದೆಯೆಂದು ನಿರ್ವಾಹಕರು ನಂಬಿದ್ದರು. ಆ ದೀಪ ಸೂಚಿಸುತ್ತಿದ್ದುದಾದರೋ, ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನಷ್ಟೇ. ಕವಾಟ ತೆರೆದೇ ಇತ್ತು. ತಪ್ಪು ಕೆಲಸಗಾರರದೋ, ಹಾಗೆ ದೀಪವಿಟ್ಟವರದೋ? ಇಂಥ ಪ್ರಶ್ನೆಗಳಿಂದ ಬೆಳೆದ ವಿಚಾರವನ್ನು ಡೊನಾಲ್ಡ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಬಾಗಿಲ ಹಿಡಿಕೆ, ಒಲೆಯ ಗುಂಡಿಗಳವರೆಗೂ ವಿಸ್ತರಿಸಿದರು. ಬಳಸುವವನು ಮತ್ತೆ ಮತ್ತೆ ಎಡವಿದರೆ ಹೊಣೆ ವಸ್ತುವನ್ನು ರೂಪಿಸಿದವನದು ಎಂಬುದು ಅದರ ಸಾರ. ಇಂದು ಅದು ನಮ್ಮಲ್ಲೂ ಪಾಠವಾಗಿದೆ. ಪವಾಯಿಯ ಐ.ಐ.ಟಿ.ಯಲ್ಲಿ 1969ರಲ್ಲೇ ಸ್ಥಾಪನೆಯಾದ ವಿನ್ಯಾಸ ಕೇಂದ್ರದಲ್ಲಿ ಇದಕ್ಕಾಗಿಯೇ ಸ್ನಾತಕೋತ್ತರ ಪದವಿಯಿದೆ. ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೊಂದು ಐಚ್ಛಿಕ ಪತ್ರಿಕೆ.

ನಮ್ಮ ಹುಡುಗಿ ಅಜ್ಜಿಯ ಕಥೆಯನ್ನು ವರದಿಯಲ್ಲಿ ಬರೆದಳು. ಅಧ್ಯಾಪಕರು ಮೆಚ್ಚಿದರಂತೆ, ಆದರೆ “ಮಹಾರಾಷ್ಟ್ರದ ಯಂತ್ರಕ್ಕೆ ಕನ್ನಡದ ಬಳಕೆದಾರರು ಅಪವಾದ, ಅವರನ್ನು ಕೈಬಿಡು” ಎಂದು ಅಂಚಿನಲ್ಲಿ ಟಿಪ್ಪಣಿ ಬರೆದರಂತೆ.

ನನ್ನ ತಕರಾರು ಇರುವುದು ಇಲ್ಲಿ. ಸಾರ್ವಜನಿಕ ಯಂತ್ರಗಳು ಭಾಷೆಯನ್ನು ನೆಲಕ್ಕೆ ಕಟ್ಟಿಹಾಕಿವೆ, ಮನುಷ್ಯನಿಗಲ್ಲ. ಕೈಯಲ್ಲಿರುವ ಕಾರ್ಡು ನನ್ನದು, ಖಾತೆ ನನ್ನದು. ನನ್ನ ಭಾಷೆ ಯಾವುದೆಂಬುದನ್ನು ಆ ಖಾತೆಯೊಡನೆ ಒಮ್ಮೆ ಬರೆದಿಟ್ಟರೆ ಯಾವ ಊರಿನ ಯಂತ್ರವೂ ನನ್ನನ್ನು ನನ್ನ ಭಾಷೆಯಲ್ಲಿ ಮಾತನಾಡಿಸಬಹುದು. ಕರ್ನಾಟಕದಲ್ಲಿ ಕನ್ನಡ ತೋರಿಸಲು ಬರುವ ಯಂತ್ರಕ್ಕೆ ಗಡಿ ದಾಟಿದೊಡನೆ ಅದು ಮರೆತುಹೋಗಬೇಕಾದ ಕಾರಣವಿಲ್ಲ. ಬೆಂಗಳೂರಿನ ಮರಾಠಿ ಅಜ್ಜಿಗೂ, ಮೈಸೂರಿನ ತಮಿಳು ತಾತನಿಗೂ ಇದೇ ನ್ಯಾಯ ಸಲ್ಲಬೇಕು. ನಮಗೆ ಬೇಕಾದುದನ್ನು ಅವರಿಗೆ ನಿರಾಕರಿಸುವ ಕನ್ನಡಾಭಿಮಾನ ನನ್ನದಲ್ಲ.

ಈಗ ಎಲ್ಲದರಲ್ಲೂ ಕನ್ನಡ ಬಂದಿದೆಯಲ್ಲ, ಫೋನಿನಲ್ಲಿ ಆರಿಸಿಕೊಂಡರಾಯಿತು ಎನ್ನುವವರುಂಟು. ಬಂದಿರುವುದು ಎಂಥ ಕನ್ನಡವೆಂದು ಅವರು ನೋಡಿದಂತಿಲ್ಲ. ಇಂಗ್ಲಿಷಿನ ‘ಸೇವ್’, ‘ಎಂಟರ್’ ಎರಡೂ ಒಂದೇ ರೂಪದ ಕ್ರಿಯಾಪದಗಳು. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಆ ಭಾಷೆ ಕೇಳುವುದಿಲ್ಲ. ಕನ್ನಡ ಕೇಳುತ್ತದೆ. ಗುಂಡಿಯ ಮೇಲೆ ‘ಉಳಿಸು’ ಎಂದು ಬರೆದರೆ ಅದು ನಾನು ಯಂತ್ರಕ್ಕೆ ಕೊಡುವ ಅಪ್ಪಣೆ, ಏಕವಚನ ಸರಿಯೇ. ‘ಗುಪ್ತಸಂಖ್ಯೆಯನ್ನು ನಮೂದಿಸಿ’ ಎಂಬುದು ಯಂತ್ರ ನನಗೆ ಮಾಡುವ ವಿನಂತಿ. ಅಲ್ಲಿ ಬಹುವಚನ ಬೇಕೇ ಬೇಕು. ಈ ವಿವೇಚನೆಯಿಲ್ಲದ ಪರದೆಯ ಮೇಲೆ ‘ರದ್ದುಮಾಡಿ’, ‘ಮುಂದುವರಿಸು’, ‘ನಮೂದಿಸು’ ಎಲ್ಲವೂ ಬೆರೆತು, ಎಪ್ಪತ್ತು ದಾಟಿದ ಹೆಂಗಸನ್ನು ಯಂತ್ರ ಏಕವಚನದಲ್ಲಿ ಗದರಿಸಿದಂತಾಗುತ್ತದೆ. ವಿಭಕ್ತಿಯ ಪಾಡೂ ಅಷ್ಟೇ. ಹೆಸರಿನ ಮುಂದೆ ಬರಿಯ ‘ಗೆ’ ಅಂಟಿಸಿ ‘ರಮೇಶ ಗೆ’, ‘ಗುರು ಗೆ’ ಎಂದು ತೋರಿಸುವ ಪರದೆಗಳನ್ನು ನಾನು ಕಂಡಿದ್ದೇನೆ. ರಮೇಶನಿಗೆ, ಸುಧಾಳಿಗೆ, ಗುರುವಿಗೆ ಎಂದು ಪ್ರತಿ ಹೆಸರೂ ಬೇರೆ ದಾರಿ ಹಿಡಿಯುತ್ತದೆಂಬುದು ಮೂಲ ನಕ್ಷೆ ಹಾಕಿದವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ‘ರಮೇಶ ಅವರಿಗೆ’ ಎಂದು ಬರೆದು ವ್ಯಾಕರಣವನ್ನೂ ಮರ್ಯಾದೆಯನ್ನೂ ಒಂದೇ ಪದದಲ್ಲಿ ಉಳಿಸಬಹುದಿತ್ತು. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬಿಡದೆ ‘ರಾಷ್ಟ್ರೀಯ’ದ ಕಾಲು ಕತ್ತರಿಸುವುದನ್ನಂತೂ ಹೇಳುವುದೇ ಬೇಡ. ಇವೆಲ್ಲ ಅನುವಾದಕನ ದೋಷಗಳಲ್ಲ. ಇಂಗ್ಲಿಷಿನಲ್ಲಿ ಮನೆ ಕಟ್ಟಿ ಮುಗಿಸಿದ ಮೇಲೆ ಕನ್ನಡವನ್ನು ಸುಣ್ಣ ಬಳಿಯಲು ಕರೆದುದರ ಫಲ.

ನಮ್ಮ ಭಾಷೆಯಿಂದಲೇ ಆರಂಭಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. ಈ ಮುಂಬಯಿಯಲ್ಲಿ ಬಹುಕಾಲ ಅಕ್ಷರಜೋಡಣೆಯ ತಂತ್ರಜ್ಞಾನದಲ್ಲಿ ದುಡಿದ ಕಿನ್ನಿಕಂಬಳ ಪದ್ಮನಾಭ ರಾಯರು, ಕೆ.ಪಿ. ರಾವ್ ಎಂದು ನಾವೆಲ್ಲ ಬಲ್ಲವರು, ರೂಪಿಸಿದ ಕೀಲಿಮಣೆಯನ್ನು ನೋಡಿ. ರೋಮನ್ ಅಕ್ಷರದ ಧ್ವನಿಗೆ ಹೊಂದುವ ಕನ್ನಡ ಅಕ್ಷರವನ್ನು ಅದೇ ಕೀಲಿಯ ಮೇಲೆ ಕೂರಿಸಿ, ಒತ್ತು ಮೂಡಿಸಲು ‘ಎಫ್’ ಕೀಲಿಯನ್ನು ಕೊಂಡಿಯಾಗಿಟ್ಟರು. ಬೆರಳಚ್ಚು ಯಂತ್ರದಂತೆ ಅಕ್ಷರದ ಚೂರುಗಳನ್ನು ನೆನಪಿಡುವ ಕಷ್ಟ ತಪ್ಪಿತು. ಪವಾಯಿಯ ಅದೇ ಕೇಂದ್ರದಿಂದ 2013ರಲ್ಲಿ ಹೊರಬಂದ ‘ಸ್ವರಚಕ್ರ’ ಇನ್ನೂ ಒಂದು ಹೆಜ್ಜೆ ಮುಂದೆ. ಫೋನಿನ ಪರದೆಯಲ್ಲಿ ವ್ಯಂಜನವೊಂದನ್ನು ಮುಟ್ಟಿದರೆ ಅದರ ಸುತ್ತ ಚಕ್ರದಂತೆ ಸ್ವರಚಿಹ್ನೆಗಳ ರೂಪಗಳು ಅರಳುತ್ತವೆ. ಬೆರಳನ್ನು ಬೇಕಾದ ದಿಕ್ಕಿಗೆ ಎಳೆದರಾಯಿತು. ಕನ್ನಡದಲ್ಲೂ ಅದು ಬಂತು. ಒಂದನೆಯ ತರಗತಿಯ ಕಾಗುಣಿತವೇ ಅಲ್ಲಿ ವಿನ್ಯಾಸವಾಯಿತು. ಅಮೆರಿಕದ ಪಠ್ಯಪುಸ್ತಕವನ್ನು ಎಷ್ಟು ಸಲ ಓದಿದರೂ ಹೊಳೆಯುವಂಥದಲ್ಲ ಇದು.

ಆದ್ದರಿಂದ, ಈ ವಿಷಯವನ್ನು ಓದುತ್ತಿರುವ ನಮ್ಮ ಹೊರನಾಡ ಕನ್ನಡಿಗರ ಮಕ್ಕಳು ಕನಿಷ್ಠ ಒಂದು ಯೋಜನೆಯನ್ನಾದರೂ ಕನ್ನಡದಲ್ಲಿ ಮಾಡಬೇಕು ಎಂದು ನಾನು ಒತ್ತಾಯಿಸುತ್ತೇನೆ. ಅವರಲ್ಲಿ ಅನೇಕರಿಗೆ ಮಾತು ಬರುತ್ತದೆ, ಲಿಪಿ ಬಾರದು. ಅಜ್ಜಿಗೆ ಲಿಪಿ ಬರುತ್ತದೆ, ಯಂತ್ರ ಬಾರದು. ಒಂದೇ ಮನೆಯಲ್ಲಿರುವ ಈ ಇಬ್ಬರನ್ನು ಎದುರುಬದುರು ಕೂರಿಸುವುದು ಸಂಘಗಳಿಗೆ ಸಾಧ್ಯವಿರುವ ಕೆಲಸ. ರಾಜ್ಯೋತ್ಸವದ ಮೆರವಣಿಗೆಗೆ ಕಲೆಹಾಕುವ ಹಣದಲ್ಲಿ ಹತ್ತರಲ್ಲೊಂದು ಪಾಲೂ ಇದಕ್ಕೆ ಬೇಕಾಗದು.

ನಮ್ಮ ಹುಡುಗಿ ಅಧ್ಯಾಪಕರ ಟಿಪ್ಪಣಿಗೆ ಉತ್ತರ ಬರೆದಿದ್ದಾಳೆ. ಕೈಬಿಡುವ ಮೊದಲು ಇನ್ನೂ ಎಂಟು ಮಂದಿಯನ್ನು ಗಮನಿಸಲು ಅನುಮತಿ ದೊರೆತಿದೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಸಂಘದ ವಾಚನಾಲಯಕ್ಕೆ ಬರುತ್ತಾಳೆ. ಯಂತ್ರವೇನೂ ಇರುವುದಿಲ್ಲ, ಕಾಗದದ ಮೇಲೆ ಬರೆದ ಕನ್ನಡ ಪರದೆಗಳನ್ನು ಒಂದೊಂದಾಗಿ ಮುಂದಿಟ್ಟು, ಎಲ್ಲಿ ಬೆರಳಿಡುತ್ತೀರಿ ಎಂದು ಕೇಳುತ್ತಾಳೆ, ಅಷ್ಟೆ. ನನ್ನ ತಾಯಿಯನ್ನು ಸೇರಿಸಿ ಈಗ ಮೂವರು ಒಪ್ಪಿದ್ದಾರೆ. ಅರುವತ್ತು ದಾಟಿದ, ಕನ್ನಡ ಓದಬಲ್ಲ ಇನ್ನೂ ಆರು ಮಂದಿ ಬೇಕಾಗಿದ್ದಾರೆ. ಬರುವವರು ಕನ್ನಡಕ ತರಲು ಮರೆಯಬಾರದು.