ಬಾದಾಮಿಗೆ ಹೋಗೋಣ, ಆದ್ರ ಕಲ್ಲು ಒಣಗಲಿ

ಬಾದಾಮಿಗೆ ಬಂಡೆ ಹತ್ತಲಿಕ್ಕೆ ಹೋಗೋ ಮಾತು ಸೆಕೆಂಡ್ ಇಯರ್‌ನಾಗ ಜೋರಾಗಿ ನಡೆದದ. ದಸರಾ ರಜೆಯಲ್ಲೇ ಹೋಗಬೇಕು ಅನ್ನೋರು ಬಹಳ ಜನ. ಡಿಸೆಂಬರ್ ತನಕ ತಡೀರಿ ಅನ್ನೋರು ನಾವು ಕೆಲವರು. ನಮಗೆ ಅಂಜಿಕಿ ಅಂತ ಗ್ರೂಪಿನಾಗ ನಗ್ತಾರ. ನಗಲಿ, ಆದ್ರ ನಮ್ಮ ಮಾತೂ ಒಂದ್ಸಲ ಕೇಳಲಿ.

ಅಷ್ಟು ದೂರ ಯಾಕ, ಬೀದರ್‌ನಾಗ ಕಲ್ಲಿಲ್ಲೇನು ಅಂತ ಮನೆಯವರು ಕೇಳ್ತಾರ. ಅದ. ಆದ್ರ ನಮ್ಮದು ಕೆಂಪು ಜಂಬಿಟ್ಟಿಗೆ ಕಲ್ಲು, ತೂತು ತೂತು. ಕಟ್ಟಡಕ್ಕೆ ಛಲೋ, ಜೋತು ಬೀಳಲಿಕ್ಕೆ ಅಲ್ಲ. ಕೋಟೆ ಗೋಡೆಯಂತೂ ಕಾಪಾಡಬೇಕಾದ ಸ್ಮಾರಕ, ಹತ್ತೋ ಜಾಗ ಅಲ್ಲ. ಭಾಲ್ಕಿ, ಔರಾದ್ ಕಡೆ ಹೋದ್ರ ಕಪ್ಪು ಮಣ್ಣಿನ ಹೊಲ. ಬಾದಾಮಿಯಲ್ಲಿ ಮಾತ್ರ ಅಗಸ್ತ್ಯ ತೀರ್ಥದ ಆಜೂಬಾಜು ಮರಳುಗಲ್ಲು ಗೋಡೆ ಹಂಗ ನೆಟ್ಟಗೆ ನಿಂತದ. ಹೊರದೇಶದಿಂದಲೂ ಹತ್ತೋರು ಅಲ್ಲಿಗೆ ಬರ್ತಾರ.

ಈಗ ಮುಖ್ಯ ಮಾತು. ಬಾಗಲಕೋಟೆ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಹೆಚ್ಚು, ಅಕ್ಟೋಬರ್‌ನಲ್ಲೂ ಬರ್ತದ. ಮರಳುಗಲ್ಲು ಅಂದ್ರ ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಆದ ಕಲ್ಲು. ನೀರು ಒಳಗೆ ಇಳಿದ್ರ ಆ ಅಂಟಿನ ಬಲ ಕಡಿಮೆ ಆಗ್ತದ. ಮೇಲೆ ಬಿಸಿಲಿಗೆ ಒಣಗಿದಂಗ ಕಂಡ್ರೂ ಒಳಗೆ ಹಸಿ ಇರ್ತದ. ಅದಕ್ಕೇ ಮಳೆ ನಿಂತ ಮೇಲೆ ಎರಡ್ಮೂರು ದಿನವಾದ್ರೂ ಮರಳುಗಲ್ಲು ಮುಟ್ಟಬಾರದು ಅಂತ ಹತ್ತೋರಲ್ಲಿ ಪದ್ಧತಿ ಅದ. ಬಂಡೆ ಬುಡದ ಮಣ್ಣು ಸ್ವಲ್ಪ ಕೆದರಿ ನೋಡೋದು ಸುಲಭದ ಪರೀಕ್ಷೆ: ಮಣ್ಣು ಹಸಿ ಇದ್ರ ಕಲ್ಲೂ ಹಸಿ. ಹಿಡಿದ ಕಲ್ಲು ಮುರಿದ್ರ ಹತ್ತೋನು ಬೀಳ್ತಾನ. ಜೊತೆಗೆ ಆ ಹಿಡಿಕೆ ಎಲ್ಲರಿಗೂ ಕಾಯಂ ಹೋಗ್ತದ. ಅದನ್ನ ಯಾವ ಸಿಮೆಂಟೂ ವಾಪಸ್ ತರೋದಿಲ್ಲ.

ಎರಡನೇದು ಹಗ್ಗ. ಖರ್ಚು ಉಳಿಸಲಿಕ್ಕೆ ಹೊಲದ ಬಾವಿ ಹಗ್ಗ ತರ್ತೀವಿ ಅನ್ನೋರು ಇದ್ದಾರ. ಮೆಕ್ಯಾನಿಕ್ಸ್ ಓದಿದ ನಾವು ಇದನ್ನ ಹೇಳಬಾರದು. ಹತ್ತೋ ಹಗ್ಗ ಡೈನಾಮಿಕ್ ಇರಬೇಕು, ಅಂದ್ರ ಬಿದ್ದಾಗ ಹಿಗ್ಗಿ ಪೆಟ್ಟು ತಾನು ನುಂಗಬೇಕು. 80 ಕೆಜಿ ತೂಕ ಬೀಳೋ ಪರೀಕ್ಷೆಯಲ್ಲಿ ಸಿಂಗಲ್ ಹಗ್ಗದ ಪೆಟ್ಟು 12 ಕಿಲೋನ್ಯೂಟನ್ ದಾಟಬಾರದು ಅಂತ ಅಂತರರಾಷ್ಟ್ರೀಯ ಮಾನದಂಡ ಅದ. ಹಿಗ್ಗದ ಹಗ್ಗ ಹರಿಯದಿದ್ರೂ ನಡು ಮುರೀತದ.

ಚಿತ್ರದುರ್ಗದ ಜ್ಯೋತಿರಾಜ್ ಹಗ್ಗ ಇಲ್ದೆ ಹತ್ತೋದಿಲ್ಲೇನು ಅಂತ ಕೇಳ್ತಾರ. ಹತ್ತತಾರ. ಅವರದು ವರ್ಷಗಟ್ಟಲೆ ಅಭ್ಯಾಸ, ನಮ್ಮದು ಎರಡು ವಾರದ ಯೂಟ್ಯೂಬ್. ಕಲಿಸಲಿಕ್ಕೆ ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಅದ. ಅಲ್ಲಿ ಕೇಳಿ, ತರಬೇತಿ ಆದ ಒಬ್ಬರನ್ನ ಕರ್ಕೊಂಡೇ ಹೋಗೋಣ. ಬಂಡೆಗೆ ಹೆಜ್ಜೇನು ಕಟ್ಟಿದ್ರ ಯಾವ ಕಡೆ ಹೋಗಬಾರದು ಅನ್ನೋದು ಅಂಥವರಿಗೇ ಗೊತ್ತಿರ್ತದ.

ಇಷ್ಟು ಹಠ ಯಾಕಂದ್ರ, ಇದು ನಮ್ಮ ಒಂದು ಟ್ರಿಪ್‌ನ ಮಾತಲ್ಲ. ಭಾಲ್ಕಿ, ಔರಾದ್ ಹಳ್ಳಿಗಳಿಂದ ಬರೋ ನಮ್ಮ ಕ್ಲಾಸಿನ ಹುಡುಗಿಯರಿಗೆ ಮನೆಯಿಂದ ಹೂಂ ಅನ್ನಿಸೋದೇ ಒಂದು ಬೆಟ್ಟ. ಈ ಸಲ ಒಬ್ಬರ ಕಾಲು ಮುರಿದ್ರ, ಹುಡುಗರಿಗೆ ಒಂದು ತಿಂಗಳು ಬೈಗುಳ, ಹುಡುಗಿಯರಿಗೆ ನಾಲ್ಕು ವರ್ಷ ಬಾಗಿಲು ಬಂದ್. ಮುಂದಿನ ಬ್ಯಾಚಿಗೂ ಅದೇ ಗತಿ. ಕಾಗದದ ಮೇಲೆ ಪಕ್ಕಾ ಪ್ಲಾನ್ ಇದ್ರ ಅವ್ವ ಅಪ್ಪನ ಮುಂದೆ ಇಟ್ಟು ಮಾತಾಡಬಹುದು.

ಡಿಸೆಂಬರ್‌ನಾಗ ಇಂಟರ್ನಲ್ಸ್, ಲ್ಯಾಬ್ ಇರ್ತಾವ, ನಿಜ. ಅದಕ್ಕೇ ಈಗಲೇ ಮೂರು ದಿನ ಗುರುತು ಹಾಕೋಣ. ಕಲಬುರಗಿ, ವಿಜಯಪುರ ದಾಟಿ ಹೋಗಲಿಕ್ಕೇ ಒಂದು ದಿನ ಬೇಕು. ಕೂಡಿದ ದುಡ್ಡು ಮೊದಲು ತರಬೇತುದಾರರಿಗೆ, ಹಗ್ಗಕ್ಕೆ, ಹೆಲ್ಮೆಟ್‌ಗೆ. ಉಳಿದ್ರ ಟೀ-ಶರ್ಟಿಗೆ. ಹೋದ ಮೇಲೆ ಮಳೆ ಬಂದ್ರ ಬಂಡೆ ಬಿಟ್ಟು ಗುಹೆ ನೋಡೋಣ. ಮೂರನೇ ಗುಹೆಯ ಶಾಸನ 578ರದು. ಇಷ್ಟು ವರ್ಷ ಕಾದ ಕಲ್ಲು ಇನ್ನೆರಡು ತಿಂಗಳು ಕಾಯ್ತದ.