ಕಟ್ಟುಮರದ ಹೆಸರು, ಕೋಟಿಗಳ ಬೆಲೆ

ಐಷಾರಾಮಿ ಮೋಟಾರು ದೋಣಿಗಳ ಬೆಲೆಯ ಕುರಿತು ಬರೆಯಹೊರಟರೆ ನಮ್ಮ ಓದುಗರು ಹುಬ್ಬೇರಿಸಿಯಾರು. ಮನೆಸಾಲದ ಕಂತು, ಮಕ್ಕಳ ವಿದ್ಯಾಭ್ಯಾಸ, ವರ್ಷಕ್ಕೊಮ್ಮೆ ಊರಿನ ಪ್ರಯಾಣ ಇವುಗಳ ನಡುವೆ ಬಾಳುವ ಹೊರನಾಡ ಕನ್ನಡಿಗನಿಗೆ ಕೋಟಿ ಬೆಲೆಯ ದೋಣಿಯ ಗೊಡವೆ ಏಕೆಂದು ಕೇಳಿಯಾರು. ಆದರೆ 2025ರ ಸೆಪ್ಟೆಂಬರ್ 22ರಿಂದ ವಿಹಾರ ನೌಕೆಗಳ ಮೇಲಿನ ಜಿ.ಎಸ್.ಟಿ. ಶೇ. 40ಕ್ಕೆ ಏರಿದೆ. ಅದಕ್ಕೆ ಮೊದಲು ಶೇ. 28ರ ತೆರಿಗೆಯೂ ಶೇ. 3ರ ಉಪಕರವೂ ಇದ್ದವು. ಮೀನುಗಾರಿಕೆಯ ದೋಣಿಗೆ ತೆರಿಗೆ ಶೇ. 5 ಮಾತ್ರ. ಯಾವ ದೋಣಿ ಸಮಾಜಕ್ಕೆ ಅಗತ್ಯ, ಯಾವುದು ಭೋಗ ಎಂಬ ತೀರ್ಮಾನವೊಂದು ಈ ಅಂತರದಲ್ಲಿ ಅಡಗಿದೆ. ಆ ತೀರ್ಮಾನ ಸರಿಯೇ, ತೆರಿಗೆಯನ್ನು ಬದಿಗಿಟ್ಟರೂ ಆ ದೋಣಿಗಳು ತಮ್ಮ ಬೆಲೆಗೆ ತಕ್ಕವೇ ಎಂಬುದನ್ನು ವಿಚಾರಿಸುವ ಹಕ್ಕು ಕಡಲಿಗಿಳಿಯದ ನಮಗೂ ಇದೆ.

ನಾನು ನೆಲೆಸಿರುವ ಬೆಸೆಂಟ್ ನಗರದಲ್ಲಿ ಈ ವಿಚಾರಣೆಗೆ ಬೇಕಾದ ಸಾಕ್ಷ್ಯ ಕಣ್ಣೆದುರೇ ಇದೆ. ಎಲಿಯಟ್ಸ್ ಬೀಚಿನ ಷ್ಮಿಟ್ ಸ್ಮಾರಕದ ಬಳಿ ಸಂಜೆ ತಿರುಗಾಡುವವರು ತುಸು ಉತ್ತರಕ್ಕೆ ನಡೆದರೆ ಊರೂರು ಕುಪ್ಪಂನ ಬೆಸ್ತರ ದೋಣಿಗಳನ್ನು ಮರಳ ಮೇಲೆ ಕಾಣುವರು. ಒಂದು ಕಾಲಕ್ಕೆ ಇಲ್ಲಿ ಇದ್ದುದು ಕಟ್ಟುಮರ: ಹಗ್ಗದಿಂದ ಬಿಗಿದ ಕೆಲವು ಮರದ ದಿಮ್ಮಿಗಳು, ಅಷ್ಟೇ. 2004ರ ಡಿಸೆಂಬರ್ 26ರ ಸುನಾಮಿಯ ಅನಂತರ ಪರಿಹಾರದ ರೂಪದಲ್ಲಿ ಫೈಬರ್ ಗಾಜಿನ ದೋಣಿಗಳು ಧಾರಾಳವಾಗಿ ಬಂದವು, ಕಟ್ಟುಮರ ಹಿಂದೆ ಸರಿಯಿತು. ವಿಪರ್ಯಾಸವೆಂದರೆ, ಇದೇ ತೀರದ ತಮಿಳು ಪದವನ್ನು 17ನೆಯ ಶತಮಾನದಲ್ಲಿ ವಿಲಿಯಂ ಡ್ಯಾಂಪಿಯರನಂತಹ ನಾವಿಕರು ತಮ್ಮ ಬರಹಕ್ಕೆ ಒಯ್ದರು. ಇಂದು 'ಕ್ಯಾಟಮರಾನ್' ಎಂದರೆ ಜೋಡಿ ಒಡಲಿನ ವಿಲಾಸ ನೌಕೆ, ಅದರ ಬೆಲೆ ಕೋಟಿಗಳಲ್ಲಿ. ಹೆಸರನ್ನು ಕೊಟ್ಟ ಕುಪ್ಪಂಗೆ ಅದರಿಂದ ಬಂದ ಗೌರವಧನ ಎಷ್ಟೆಂದು ಕೇಳಬೇಡಿ.

ಈ ನೌಕೆಗಳ ಬೆಲೆಯಲ್ಲಿ ಎರಡು ಭಾಗಗಳಿವೆ. ಒಡಲು, ಯಂತ್ರ, ಚುಕ್ಕಾಣಿ, ದಿಕ್ಸೂಚಿ, ರೇಡಿಯೋ ಇವು ಮೊದಲನೆಯ ಭಾಗ. ಉಪ್ಪುನೀರಿಗೆ ಜಗ್ಗದ ಲೋಹ, ಅಲೆಯ ಪೆಟ್ಟನ್ನು ತಾಳುವ ಒಡಲು, ನಡುಗಡಲಿನಲ್ಲಿ ಒಂದು ಯಂತ್ರ ಕೈಕೊಟ್ಟರೆ ಇನ್ನೊಂದು. ಇದಕ್ಕೆ ಕೊಟ್ಟ ಹಣ ದುಬಾರಿ ಎನ್ನಲು ನನಗೆ ಮನಸ್ಸಿಲ್ಲ. ಇಟಲಿಯ ಕಾರ್ಲೊ ರೀವಾ 1960ರ ದಶಕದಲ್ಲಿ ಮಹಾಗನಿ ಮರದಿಂದ ಕಟ್ಟಿಸಿದ ಅಕ್ವರಾಮ ದೋಣಿಗಳಿಗೆ ಇಂದಿಗೂ ಸಂಗ್ರಾಹಕರು ಮುಗಿಬೀಳುವುದು ಕುಶಲ ಕರ್ಮಿಯ ಕೈಗೆ ಸಲ್ಲುವ ಬೆಲೆ. ಎರಡನೆಯ ಭಾಗವೇ ಬೇರೆ: ಚರ್ಮದ ಸೋಫಾ, ಅಮೃತಶಿಲೆಯ ಸ್ನಾನಗೃಹ, ಪಾನಗೋಷ್ಠಿಯ ಮೇಜು. ಸಮುದ್ರಕ್ಕೆ ಇವುಗಳ ಅಗತ್ಯವಿಲ್ಲ. ದಡದ ಮನೆಯಲ್ಲಿ ಇದ್ದುದನ್ನೇ ಹಲವು ಪಟ್ಟು ಬೆಲೆಗೆ ನೀರಿನ ಮೇಲೆ ತೇಲಿಸುವ ಹಂಬಲವಿದು.

ಸರ್ಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದವನಿಗೆ ಬಂಡವಾಳ ವೆಚ್ಚಕ್ಕಿಂತ ನಿರ್ವಹಣಾ ವೆಚ್ಚದ ಮೇಲೆಯೇ ಕಣ್ಣು. ದೋಣಿಯ ಬೆಲೆಯ ಸುಮಾರು ಹತ್ತನೆಯ ಒಂದು ಭಾಗ ಪ್ರತಿ ವರ್ಷ ನಿರ್ವಹಣೆಗೆ ಹೋಗುವುದೆಂದು ಆ ವ್ಯವಹಾರ ಬಲ್ಲವರ ಸ್ಥೂಲ ಲೆಕ್ಕ. ತಂಗುದಾಣದ ಬಾಡಿಗೆ, ವಿಮೆ, ಸಿಬ್ಬಂದಿಯ ಸಂಬಳ, ತಳಕ್ಕೆ ಅಂಟುವ ಪಾಚಿ ಚಿಪ್ಪುಗಳನ್ನು ಕೆರೆದು ಬಣ್ಣ ಬಳಿಯುವ ಕೆಲಸ, ಎಲ್ಲವೂ ಅದರಲ್ಲಿ ಸೇರಿದೆ. ಅಂದರೆ ಹತ್ತು ವರ್ಷಗಳಲ್ಲಿ ಒಡೆಯನು ದೋಣಿಯನ್ನು ಇನ್ನೊಮ್ಮೆ ಕೊಂಡಂತಾಯಿತು. ಅಷ್ಟರಲ್ಲಿ ಅದರ ಮರುಮಾರಾಟದ ಬೆಲೆ ಕುಸಿದಿರುತ್ತದೆ. ಅದರಲ್ಲೂ ನಮ್ಮ ಕೋರಮಂಡಲ ತೀರದಲ್ಲಿ ಸಹಜ ಬಂದರಿಲ್ಲ, ತೀರದಲ್ಲಿ ಅಲೆಗಳ ಆರ್ಭಟ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತಗಳ ಭಯ. 1911ರಲ್ಲಿ ಸ್ಥಾಪನೆಯಾದ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಕೂಡ ಕೃತಕ ಬಂದರಿನ ಗೋಡೆಯ ಆಸರೆಯಲ್ಲೇ ಬಾಳಬೇಕಾಯಿತು. ವರ್ಷದ ಬಹುಪಾಲು ಕಟ್ಟಿಹಾಕಿದ ದೋಣಿಗೆ ತೆರುವ ಹಣವನ್ನು ಯಾವ ಲೆಕ್ಕಪರಿಶೋಧಕ ಒಪ್ಪಿಯಾನು?

ಸ್ವಂತ ಹಣ, ಸ್ವಂತ ಹುಚ್ಚು, ನಿಮಗೇಕೆ ನೋವು ಎನ್ನಬಹುದು. ಕನ್ನಡಿಗರಾದ ನಮಗೆ ಅದಕ್ಕೆ ಉತ್ತರ ಮರೆಯುವಂತಹುದಲ್ಲ. ಕರ್ನಾಟಕದಿಂದ 2002ರಲ್ಲೂ 2010ರಲ್ಲೂ ರಾಜ್ಯಸಭೆಗೆ ಆಯ್ಕೆಯಾಗಿದ್ದ ವಿಜಯ್ ಮಲ್ಯ ಅವರ ಹೆಸರಿನೊಡನೆ ಬೆಸೆದುಕೊಂಡಿದ್ದ 95 ಮೀಟರ್ ಉದ್ದದ 'ಇಂಡಿಯನ್ ಎಂಪ್ರೆಸ್' ನೌಕೆಯನ್ನು 2018ರ ಮಾರ್ಚಿನಲ್ಲಿ ಮಾಲ್ಟಾದಲ್ಲಿ ತಡೆಹಿಡಿಯಲಾಯಿತು. ಕಾರಣ, ಸುಮಾರು 40 ಮಂದಿ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಬಾಕಿ 10 ಲಕ್ಷ ಡಾಲರಿಗೂ ಹೆಚ್ಚೆಂದು ಅವರ ಪರವಾಗಿ ನಿಂತ ನಾವಿಕರ ಸಂಘ ಹೇಳಿತು. ಅವರಲ್ಲಿ ಭಾರತೀಯರೂ ಇದ್ದರು. ಹರಾಜಿನಲ್ಲಿ 4.35 ಕೋಟಿ ಯೂರೋ ಕೂಗಿದವರು ಹಣ ಕಟ್ಟದೆ ಹೋದರು. ಸೆಪ್ಟೆಂಬರಿನಲ್ಲಿ ಮತ್ತೆ ಹರಾಜಾಗಿ 3.5 ಕೋಟಿ ಯೂರೋಗೆ ಬಿಕರಿಯಾಯಿತು. ಇದಕ್ಕೆ ಕೆಲವೇ ವರ್ಷಗಳ ಮೊದಲು, 2012ರಲ್ಲಿ, ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ನೌಕರರು ಬಾಕಿ ಸಂಬಳಕ್ಕಾಗಿ ಬೀದಿಗಿಳಿದಿದ್ದರು. ಕಡಲಿನ ಕಾನೂನು ಈ ವಿಷಯದಲ್ಲಿ ವಿವೇಕಿ: ನಮ್ಮ 2017ರ ಅಡ್ಮಿರಾಲ್ಟಿ ಕಾಯಿದೆಯೂ ನೌಕೆಯ ಮೇಲಿನ ಹಕ್ಕುಗಳಲ್ಲಿ ನಾವಿಕರ ವೇತನಕ್ಕೆ ಮೊದಲ ಸ್ಥಾನ ಕೊಟ್ಟಿದೆ. ಆಕಾಶದಲ್ಲಿ ದುಡಿದವರಿಗೆ ಅಂತಹ ಆಸರೆ ಇರಲಿಲ್ಲ.

ಹಾಗಾದರೆ ಐದಾರು ಕೋಟಿ ಬೆಲೆಯ ದೋಣಿ ಎಂದಾದರೂ ಸಾರ್ಥಕವೇ? ಆಗಬಲ್ಲುದು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕನ್ಯಾಕುಮಾರಿ, ಕೇರಳಗಳ ಬೆಸ್ತರನ್ನು ಬಲಿ ತೆಗೆದುಕೊಂಡ ಮೇಲೆ ಕೇರಳ ಸರ್ಕಾರ ಕೊಚ್ಚಿ ಹಡಗುಕಟ್ಟೆಯಲ್ಲಿ ಮೂರು ಕಡಲ ಆಂಬುಲೆನ್ಸ್‌ಗಳನ್ನು ಕಟ್ಟಿಸಿತು. ಒಂದೊಂದಕ್ಕೆ ಸುಮಾರು 6 ಕೋಟಿ ರೂಪಾಯಿ. 2020ರಲ್ಲಿ ನೀರಿಗಿಳಿದ ಆ ದೋಣಿಗಳಲ್ಲಿ ಗಾಯಾಳುಗಳಿಗೆ ಹಾಸಿಗೆಗಳಿವೆ, ಶುಶ್ರೂಷೆಯ ಕೋಣೆಯಿದೆ, ಬದುಕಿ ಬಾರದವರಿಗಾಗಿ ಶವಾಗಾರವೂ ಇದೆ. ಒಂದು ಮಧ್ಯಮ ದರ್ಜೆಯ ವಿಲಾಸ ನೌಕೆಯ ಬೆಲೆಯೂ ಅದೇ ಆಸುಪಾಸಿನದು.

ನಮ್ಮ ಕರಾವಳಿಯ ನೆನಪನ್ನೂ ಇಲ್ಲಿ ತರಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' 7 ಮಂದಿ ಮೀನುಗಾರರೊಡನೆ ಕಾಣೆಯಾಯಿತು. ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಆಚೆ ಅದರ ಅವಶೇಷವನ್ನು ಗುರುತಿಸುವಷ್ಟರಲ್ಲಿ 2019ರ ಮೇ ತಿಂಗಳು ಬಂದಿತ್ತು. ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಉಪಕರಣಕ್ಕೆ ಆಗುವ ವೆಚ್ಚವೇನು? 2024ರಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸಲು ಆರಂಭಿಸಿದ ಯೋಜನೆಯ ಮೊತ್ತ 364 ಕೋಟಿ ರೂಪಾಯಿ. ಭಾಗಿಸಿದರೆ ದೋಣಿಗೆ 36,400. ವಿಲಾಸ ನೌಕೆಯ ಸೋಫಾ ಅದಕ್ಕಿಂತ ದುಬಾರಿ.

ಕರ್ನಾಟಕ ಸರ್ಕಾರವೂ ತನ್ನ 2024-25ರ ಮುಂಗಡಪತ್ರದಲ್ಲಿ ಕಡಲ ಆಂಬುಲೆನ್ಸ್ ಒಂದನ್ನು ಘೋಷಿಸಿತು. ಬೈಂದೂರಿನಲ್ಲಿ ವಿಹಾರ ನೌಕೆಗಳ ಮರೀನಾ ಕಟ್ಟುವ ಯೋಚನೆಯೂ ಸರ್ಕಾರಕ್ಕೆ ಇದ್ದುದುಂಟು. ಪ್ರವಾಸೋದ್ಯಮದಿಂದ ಉದ್ಯೋಗ ಹುಟ್ಟುವುದನ್ನು ನಾನು ಅಲ್ಲಗಳೆಯುವುದಿಲ್ಲ. ಖಾಸಗಿಯವರು ತಮ್ಮ ಹಣದಿಂದ ಕಟ್ಟಿಕೊಳ್ಳಲಿ, ಶೇ. 40ರ ತೆರಿಗೆಯನ್ನೂ ತೆರಲಿ. ಸಾರ್ವಜನಿಕ ಹಣದ ಸರದಿ ಬೇರೆ. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಗೆ ಒಂದು ಆಂಬುಲೆನ್ಸ್ ದೋಣಿ ಸಾಲದು. ಮಂಗಳೂರು, ಮಲ್ಪೆ, ಕಾರವಾರಗಳಿಗೆ ಒಂದೊಂದು ಬೇಕು. ಕೊಚ್ಚಿ ಹಡಗುಕಟ್ಟೆಯ ಅಂಗಸಂಸ್ಥೆ ಮಲ್ಪೆಯಲ್ಲೇ ನಾರ್ವೆಯ ವಿಲ್ಸನ್ ಸಂಸ್ಥೆಗೆ ಸರಕು ಹಡಗು ಕಟ್ಟುವ ಬೇಡಿಕೆ ಪಡೆದಿರುವಾಗ, ಅವುಗಳನ್ನು ಕಟ್ಟಲು ಬೇರೆಡೆಗೆ ಹೋಗಬೇಕಾಗಿಯೂ ಇಲ್ಲ.